ಕಾಕಾ ನಂಬದ ವಯಸ್ಸುಗಳು

ನಮ್ಮ ಕಾಕಾ ಯಾರ ವಯಸ್ಸನ್ನೂ ನಂಬುತ್ತಿರಲಿಲ್ಲ. ತಮಗೇ ಕನ್ಯೆ ನೋಡಲು ಹೋದಲ್ಲಿ "ಹುಡುಗಿಗೆ ಹದಿನೆಂಟು" ಎಂದವರಿಗೆ "ಯಾವಾಗಿಂದ?" ಎಂದು ಕೇಳಿ, ಕೂಡಿಬಂದ ಸಂಬಂಧ ಕಳೆದುಕೊಂಡ ಮಹಾನುಭಾವರು! ತಿಕೋಟಾದ ಈ ಸಾಲಿ ಮಾಸ್ತರ ಕೈಗೆ ಎಪ್ಪತ್ತೊಂದರ ಜನಗಣತಿ ಬಂದರೆ ಏನಾದೀತು ಹೇಳಿ?

"ವಯಸ್ಸು?"

"ನಲವತ್ತು ಬರಕೊಳ್ರಿ ಮಾಸ್ತರ."

"ನಿನ್ನ ಮಗಂದು?"

"ಅವಂದೂ ನಲವತ್ತರ ಹತ್ರ ಇರಲಿ."

"ಅಪ್ಪ, ಮಗ ಕೂಡೇ ಹುಟ್ಟೀರೇನೋ?"

"ನಾ ಹುಟ್ಟಿದಾಗ ಭಾಳ ಸಣ್ಣಾಂವ ಇದ್ನಿರಿ, ನೆನಪಿಲ್ಲ!"

ಕಾಕಾ ಬಿಡುವವರೇ? ಅವನ ಮದುವೆ, ಭೂತನಾಳ ಕೆರೆ ತುಂಬಿದ ವರ್ಷ, ಸತ್ತ ಎತ್ತು, ಎಲ್ಲ ವಿಚಾರಿಸಿ ಐವತ್ತೇಳಕ್ಕೆ ತಂದು ನಿಲ್ಲಿಸಿದರು. ಆತ ಒಂದೇ ಮಧ್ಯಾಹ್ನದಲ್ಲಿ ಮುದುಕನಾಗಿ ಮನೆಗೆ ಹೋದ.

"ಮಕ್ಕಳೆಷ್ಟು?" ಎಂದರೆ ಗಂಡಸರು ಗಂಡುಮಕ್ಕಳನ್ನಷ್ಟೇ ಹೇಳುತ್ತಿದ್ದರು. ಆಗ ಕಾಕಾ ಒಲೆಯ ಮುಂದಿನ ತಾಯಿಯನ್ನು ಕೇಳುವರು: "ಯಾರ್‍ಯಾರಿಗೆ ರೊಟ್ಟಿ ಬಡೀತೀಯವಾ?" ಹೆಣ್ಣುಮಕ್ಕಳು, ಅತ್ತೆ, ಒಮ್ಮೊಮ್ಮೆ ನಾಯಿ, ಹಬ್ಬಕ್ಕೆ ಬಂದು ಉಳಿದ ಅಳಿಯ, ಎಲ್ಲರೂ ಹೊರಬೀಳುತ್ತಿದ್ದರು. ನಾಯಿಯನ್ನು ಬಿಡುತ್ತಿದ್ದರು. ಅಳಿಯನ ವಿಷಯದಲ್ಲಿ ಬಹಳ ಯೋಚಿಸುತ್ತಿದ್ದರು!

ವಿಜಾಪುರದಿಂದ ಬಂದ ಸಾಹೇಬರು ರೇಗಿದರು: "ಉಳಿದವ್ರದು ಎಲ್ಲಾ ಮುಗದದಲ್ರಿ?"

"ಅವ್ರು ಬರದಾರ್ರಿ. ನಾ ಎಣಸಾಕತ್ತೀನಿ."

ಕೊನೆಗೆ ನಮ್ಮ ಮನೆ. ಒಳಕೋಣೆಯಲ್ಲಿ ಅವ್ವ ಬಾಣಂತಿ. ದಿನ ತುಂಬದೇ ಹುಟ್ಟಿದ ನನ್ನ ತಂಗಿ ಅಂಗೈಯಷ್ಟಿದ್ದಳು. ಆಯಿ ಮೆಲ್ಲಗೆ ಅಂದಳು, "ಇನ್ನೂ ಹೆಸರಿಟ್ಟಿಲ್ಲ. ಉಳೀತದೋ ಇಲ್ಲೋ. ಅದನ್ನ ಬಿಟ್ಟಬಿಡಪಾ."

ಒಳಗಿನಿಂದ ಅವ್ವನ ದನಿ ಬಂತು: "ಬಿಡಬ್ಯಾಡ್ರಿ."

"ಬಿಡಂಗಿಲ್ಲ ವೈನಿ. ಉಸಿರಾಡಾಕತ್ತಾಳಲ್ಲ, ಬರೀತೀನಿ. ಹೆಣ್ಣು. ವಯಸ್ಸು ಸೊನ್ನಿ."

ಆಯಿ ಸಿಡಿದಳು: "ನನ್ನ ಮೊಮ್ಮಗಳಿಗೆ ಸೊನ್ನಿ ಅಂತೀಯೇನಲೇ! ಏನೂ ಇಲ್ಲ ಅಂತೇನು?"

"ಅಲ್ಲ ಬೇ ಯವ್ವಾ. ವರ್ಷ ತುಂಬಿಲ್ಲ, ಆದ್ರ ಇದ್ದಾಳ ಅಂತ."

ತಂಗಿ ತೊಟ್ಟಿಲಿಗೆ ಬರುವ ಮೊದಲೇ ಹೋಗಿಬಿಟ್ಟಳು. ಮನೆಯಲ್ಲಿ ಯಾರೂ ಅವಳ ಮಾತೆತ್ತಲಿಲ್ಲ.

ಎಷ್ಟೋ ತಿಂಗಳ ಮೇಲೆ ಬಬಲೇಶ್ವರದಿಂದ ಬಂದ ಬೀಗತಿಯೊಬ್ಬಳು ಅವ್ವನಿಗೆ ಮಕ್ಕಳೆಷ್ಟು ಎಂದು ಕೇಳಿದಳು.

"ನಾಲ್ಕು."

"ಮೂರ ಮಂದಿ ಕಾಣ್ತಾರಲ್ಲ?"

ಅವ್ವ ತಲೆಯೆತ್ತಿದಳು. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಹಿಂದೆ ನೋಡಿರಲಿಲ್ಲ.

"ನಾಲ್ಕ ಅದಾವ್ರಿ. ನಮ್ಮ ಮೈದುನರು ಎಣಿಸ್ಯಾರ."