ಇಲಿಗೆಂದು ಕೊಟ್ಟ ಜೋಳ

ಬೇಡುವುದಕ್ಕೂ ಒಂದು ಮರ್ಯಾದೆಯ ಕಾರಣ ಇರಬೇಕು. ಗುಡಿ ಕಟ್ಟುತ್ತೇವೆ ಎನ್ನಿ, ನಮ್ಮ ಕಡೆಯ ಜನ ಕೊಡುತ್ತಾರೆ. ಮಠದ ದಾಸೋಹಕ್ಕೆ ಎನ್ನಿ, ಮಾತು ಮುಗಿಯುವ ಮೊದಲೇ ಚೀಲ ಎತ್ತಿ ಗಾಡಿಗೆ ಹಾಕುತ್ತಾರೆ. ಬಯಲಾಟಕ್ಕೋ ಕುಸ್ತಿಗೋ ಕೇಳಿದರೆ ಬೈದಾದರೂ ಕೊಡುತ್ತಾರೆ. ಆದರೆ ಒಮ್ಮೆ ಇಲಿ ಸಾಕುವುದಕ್ಕೆ ಹಣ ಕೊಡಿ ಎಂದು ಕೇಳಿ ನೋಡಿ. ನಾನು ಕೇಳಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಅಂಗಡಿ, ಕಟ್ಟೆ, ಕಣಗಳಲ್ಲಿ ನಿಂತು ಕೇಳಿದ್ದೇನೆ. ಆ ದಿನಗಳಲ್ಲಿ ನನಗೆ ಇಪ್ಪತ್ತನಾಲ್ಕು ವರ್ಷ ವಯಸ್ಸು, ಒಂದು ಬಿ.ಎಸ್ಸಿ. ಪದವಿ, ಒಂದು ಟ್ರಂಕು, ಮತ್ತು ದಿನವೂ ತಪ್ಪದೆ ದಿನಚರಿ ಬರೆಯುವ ಚಟ ಇದ್ದವು. ಇಷ್ಟು ಆಸ್ತಿ ಇದ್ದವನನ್ನು ಜನ ‘ಇಲಿ ಸಾಹೇಬ’ ಎಂದು ಕರೆದರೆ ಅದರಲ್ಲಿ ಅವರ ತಪ್ಪಿಲ್ಲ.

ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ದೂರದ ನಗರದ ಒಂದು ಕ್ಯಾನ್ಸರ್ ಆಸ್ಪತ್ರೆಯವರು ಸಂಶೋಧನೆಗಾಗಿ ಒಂದು ಇಲಿಮನೆ ಕಟ್ಟಬೇಕೆಂದಿದ್ದರು. ಸರಕಾರ ಕೊಟ್ಟದ್ದು ಗೋಡೆ ಏಳುವವರೆಗೆ ಸಾಕಾಗುತ್ತಿತ್ತು. ಒಳಗಿನ ಇಲಿಗಳಿಗೆ ಜನರಿಂದಲೇ ಹಣ ಎತ್ತಬೇಕಾಗಿತ್ತು. ಅದಕ್ಕಾಗಿ ಊರೂರಿಗೆ ನನ್ನಂಥವರನ್ನು ಕಳಿಸಿದರು. “ಆರು ತಿಂಗಳು ನೋಡುತ್ತೇವೆ. ಫಲ ಕಾಣದಿದ್ದರೆ ನಿಮ್ಮ ದಾರಿ ನಿಮಗೆ” ಎಂದು ಮೊದಲೇ ಹೇಳಿದ್ದರು. ನನ್ನ ದಾರಿ ಎಂದರೆ ಯಾವುದು ಎಂದು ನಾನು ಕೇಳಲಿಲ್ಲ. ಹಿಂದಿನ ವರ್ಷ ಅವ್ವ ತೀರಿಕೊಂಡಿದ್ದಳು. ಆಳಂದದ ಬಾಡಿಗೆ ಮನೆಯನ್ನು ಬಿಟ್ಟುಕೊಟ್ಟು, ಪಾತ್ರೆಗಳನ್ನು ನೆಂಟರಿಗೆ ಹಂಚಿ, ಟ್ರಂಕು ಒಂದನ್ನು ಉಳಿಸಿಕೊಂಡಿದ್ದೆ. ಅಪ್ಪ ನನ್ನ ನೆನಪಿಗೂ ಸಿಗದಷ್ಟು ಮುಂಚೆ ಹೋದವನು. ಊರೂರು ತಿರುಗುವ ಕೆಲಸಕ್ಕೆ ಇಷ್ಟು ತಯಾರಾದ ಅಭ್ಯರ್ಥಿ ಅವರಿಗೂ ಸಿಕ್ಕಿರಲಿಕ್ಕಿಲ್ಲ. ಕೆಲಸ ಹೋದರೆ ಟ್ರಂಕನ್ನು ಎಲ್ಲಿ ಇಳಿಸಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ವಿಷಯ ಏನೆಂದರೆ, ಇಲಿಯಲ್ಲಿ ಗೆದ್ದ ಔಷಧ ಎಷ್ಟೋ ಸಲ ಮನುಷ್ಯನಲ್ಲಿ ಸೋಲುತ್ತದೆ. ಇಲಿಯ ಮೈಯನ್ನು ಕಾಯುವ ಶಕ್ತಿಯೇ ಬೇರೆ, ನಮ್ಮದೇ ಬೇರೆ. ಅದಕ್ಕಾಗಿ, ಹುಟ್ಟಿನಿಂದ ರೋಗ ತಡೆಯುವ ಶಕ್ತಿಯೇ ಇಲ್ಲದ ಒಂದು ಬಗೆಯ ಇಲಿಯನ್ನು ತಂದು, ಅದರೊಳಗೆ ಮನುಷ್ಯನ ಆ ಶಕ್ತಿಯನ್ನು ಬೆಳೆಸಿ, ಆಮೇಲೆ ಕ್ಯಾನ್ಸರ್ ಎದುರು ಅದು ಏನು ಮಾಡುತ್ತದೆ ಎಂದು ನೋಡಬೇಕು. ಇದನ್ನು ಜನರಿಗೆ ತಿಳಿಯುವಂತೆ ಹೇಳಲು ನಾನು ಒಂದು ಭಾಷಣ ತಯಾರಿಸಿದ್ದೆ. “ಜೋಳದ ಹೊಲ ಕಾಯುವವನು ಗುಬ್ಬಿ ಬಂದರೆ ಕವಣೆ ಬೀಸುತ್ತಾನೆ. ಆದರೆ ಕಳ್ಳ ಮನೆಯ ಮಗನ ಹಾಗೆ ಅಂಗಿ ತೊಟ್ಟು ಬಂದರೆ ರಾಮರಾಮ ಹೇಳಿ ಒಳಗೆ ಬಿಡುತ್ತಾನೆ. ಕ್ಯಾನ್ಸರ್ ಅಂಥ ಕಳ್ಳ. ಇಲಿಯ ಹೊಲದಲ್ಲಿ ನಮ್ಮ ಕಾವಲುಗಾರನನ್ನು ಇಟ್ಟು, ಕಳ್ಳನನ್ನು ಗುರುತಿಸುವುದನ್ನು ಕಲಿಸಬೇಕು.” ಕನ್ನಡಿಯ ಮುಂದೆ ಹೇಳಿಕೊಂಡಾಗ ನನಗೇ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿತ್ತು.

ಆಳಂದದಲ್ಲಿ ಒಬ್ಬ ತೊಗರಿ ವ್ಯಾಪಾರಿ ಅದನ್ನು ಪೂರ್ತಿ ಕೇಳಿದರು. ಚಹಾ ತರಿಸಿದರು. ಆಮೇಲೆ ಹೇಳಿದರು: “ನೋಡ್ರಿ ಸಾಹೇಬ್ರ, ನಾ ಇಲಿ ಕೊಲ್ಲಾಕ ವರ್ಷಾ ಪಾಷಾಣಕ್ಕ ರೊಕ್ಕಾ ಹಾಕ್ತೇನಿ. ನೀವು ಇಲಿ ಬದುಕ್ಸಾಕ ರೊಕ್ಕಾ ಕೇಳ್ತೀರಿ. ನಾವಿಬ್ರೂ ಸುಮ್ಮನ ಮನ್ಯಾಗ ಕುಂತ್ರ ಲೆಕ್ಕಾ ಬರೋಬ್ಬರಿ ಆಗ್ತದ.” ಅಫಜಲಪುರದ ಹೋಟೆಲಿನಲ್ಲಿ ಕೂತ ಹುಡುಗರು ಇನ್ನೂ ಉದಾರಿಗಳು. “ರೊಕ್ಕಾ ಯಾಕ್ರಿ? ನಾಳಿ ಬರ್ರಿ, ಒಂದು ಚೀಲ ಇಲಿ ಹಿಡಕೊಡ್ತೇವಿ, ಪುಕ್ಕಟ!” ಎಂದರು. ಈ ಇಲಿ ನಡೆಯುವುದಿಲ್ಲ, ಅದು ಬೇರೆ ಜಾತಿಯದು ಎಂದು ನಾನು ವಿವರಿಸಹೋದೆ. ಮೂಲೆಯಲ್ಲಿ ಭಜಿ ತಿನ್ನುತ್ತಿದ್ದ ಒಬ್ಬ ಮುದುಕ ತಲೆಯೆತ್ತಿ, “ಬಸವಣ್ಣನ ನಾಡಿನಾಗ ನಿಂತು ಇಲಿಗೂ ಜಾತಿ ಕೇಳ್ತೀರಲ್ರಿ ತಮ್ಮಾ” ಎಂದು ನೊಂದುಕೊಂಡ. ದಿನಚರಿಯಲ್ಲಿ ನಾನು ಮೂರು ಸಾಲು ಎಳೆದುಕೊಂಡಿದ್ದೆ: ಕೊಟ್ಟವರು, ಕೊಡದವರು, ಚಹಾ ಕುಡಿಸಿದವರು. ಮೂರನೆಯದಕ್ಕೆ ಪುಟ ಸಾಲದೆ ಪಕ್ಕದ ಪುಟಕ್ಕೆ ಹೋಗಬೇಕಾಗುತ್ತಿತ್ತು.

ಎಲ್ಲಿ ಹೋದರೂ ಕೊನೆಗೆ ಒಂದೇ ಪ್ರಶ್ನೆ ಬರುತ್ತಿತ್ತು. “ನಿಮ್ಮ ಮನ್ಯಾಗ ಯಾರಿಗಿತ್ರಿ?” ಭಾಷಣದಲ್ಲಿ ಇದಕ್ಕೆ ಉತ್ತರ ಇಟ್ಟುಕೊಂಡಿರಲಿಲ್ಲ. “ಯಾರಿಗೂ ಇಲ್ರಿ. ಇದು ವಿಜ್ಞಾನದ ಕೆಲಸ” ಎನ್ನುತ್ತಿದ್ದೆ. ಅಲ್ಲಿಗೆ ಕೇಳುವವರ ಮುಖದಿಂದ ಏನೋ ಎದ್ದು ಹೋಗುತ್ತಿತ್ತು. ಲೋಟ ತೊಳೆಯಲು ಒಳಗೆ ಒಯ್ಯುತ್ತಿದ್ದರು. ನಾನು ಬಸ್ಸಿಗೆ ಹೊರಡುತ್ತಿದ್ದೆ.

ನೆಲೋಗಿಯ ರೈತ ಬಸಣ್ಣ ಮಾತ್ರ ಬೇರೆ ಪ್ರಶ್ನೆ ಕೇಳಿದ. “ನಿಮ್ಮ ಇಲಿ ಜೋಳ ತಿಂತಾವಿಲ್ರಿ?” ಜೋಳ ತಿನ್ನದ ಇಲಿ ಉಂಟೇ ಎಂದು ನಾನು ಯೋಚಿಸದೆ ಹೇಳಿಬಿಟ್ಟೆ. ಅವನು ಒಳಗೆ ಹೋಗಿ ಒಂದು ಚೀಲ ಬಿಳಿಜೋಳ ಹೊತ್ತು ತಂದು ನನ್ನ ಕಾಲ ಬುಡದಲ್ಲಿ ಇಳಿಸಿದ. “ರೊಕ್ಕಾ ಇಲ್ರಿ ನನ್ನ ಕಡೆ. ಇದು ಇರ್ಲಿ. ಆದ್ರ ಒಂದು ಮಾತು, ಮಾರಬ್ಯಾಡ್ರಿ. ನೀವೂ ರೊಟ್ಟಿ ಬಡ್ಕೊಂಡು ತಿನಬ್ಯಾಡ್ರಿ. ಇಲಿಗಂತ ಕೊಟ್ಟೇನಿ, ಇಲಿನ ತಿನ್ನಬೇಕು.” ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, ಆ ಇಲಿಗಳು ಎಲ್ಲಿರುತ್ತವೆ ಎಂದು ಕೇಳಿದಳು. ಗಾಜಿನ ಹಿಂದೆ, ಒಂದೊಂದೂ ಬೇರೆಬೇರೆ ಪಂಜರದಲ್ಲಿ ಇರುತ್ತವೆ; ಸ್ವಲ್ಪ ಸೋಂಕು ತಗುಲಿದರೂ ಸಾಯುತ್ತವೆ, ಆದ್ದರಿಂದ ಬರಿಗೈಯಲ್ಲಿ ಯಾರೂ ಮುಟ್ಟುವಂತಿಲ್ಲ ಎಂದೆ. “ಯವ್ವಾ, ಯಾರೂ ಮುಟ್ಟಾಂಗಿಲ್ಲೇನು? ಪಾಪ” ಎಂದು ಅವಳು ನನ್ನನ್ನೇ ನೋಡಿದಳು. ಯಾಕೆ ನನ್ನನ್ನು ನೋಡಿದಳೋ ಗೊತ್ತಿಲ್ಲ.

ಚೀಲವನ್ನು ಬಸ್ಸಿನ ಮೇಲೆ ಹಾಕಿ ಜೇವರ್ಗಿಗೆ ತಂದೆ. “ಒಳಗ ಇಲಿ ಇಲ್ಲಲ್ರಿ ಇಲಿ ಸಾಹೇಬ್ರ? ಇದ್ರ ಅವಕ್ಕೂ ಟಿಕೆಟ್ ಹರೀತೇನಿ” ಎಂದ ಕಂಡಕ್ಟರ್. ಜೋಳದ ವಿಷಯ ಆಸ್ಪತ್ರೆಗೆ ಬರೆದು ತಿಳಿಸಿದೆ. ಆ ಇಲಿಗಳು ಉಗಿಯಲ್ಲಿ ಶುದ್ಧ ಮಾಡಿದ ಉಂಡೆ ಮಾತ್ರ ತಿನ್ನುತ್ತವೆ, ದವಸ ಕಳಿಸಬಾರದು ಎಂದು ಉತ್ತರ ಬಂತು. ಈಗ ನೋಡಿ ನನ್ನ ಪಜೀತಿ. ಚೀಲವನ್ನು ಕಳಿಸುವಂತಿಲ್ಲ, ಮಾರುವಂತಿಲ್ಲ, ತಿನ್ನುವಂತಿಲ್ಲ. ಕೊಟ್ಟದ್ದನ್ನು ತಿರುಗಿ ಒಯ್ದು ಕೊಡುವುದೆಂದರೆ ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ. ಜೇವರ್ಗಿಯಲ್ಲಿ ನಾನಿದ್ದದ್ದು ಒಂದು ಕಿರಾಣಿ ಅಂಗಡಿಯ ಹಿಂದಿನ ಖೋಲಿ. ಅದರಲ್ಲಿ ಒಂದು ಮಂಚ, ಒಂದು ಟ್ರಂಕು. ಈಗ ಮೂಲೆಯಲ್ಲಿ ಬಸಣ್ಣನ ಜೋಳ ಕೂತುಕೊಂಡಿತು. ದುಂಡಗೆ, ತಲೆಗೆ ರುಮಾಲು ಸುತ್ತಿಕೊಂಡು, ಸಾಲ ಕೇಳಲು ಬಂದ ಸೋದರಮಾವನ ಹಾಗೆ ನನ್ನನ್ನು ನೋಡುತ್ತಿತ್ತು.

ಒಂದು ವಾರಕ್ಕೆ ಇಲಿ ಬಂತು.

ಮೊದಲು ಸಿಟ್ಟೇ ಬಂತು. ಚಪ್ಪಲಿ ಎತ್ತಿಕೊಂಡೆ. ಎತ್ತಿದ ಕೈ ಮೇಲೆಯೇ ನಿಂತಿತು. ಬಸಣ್ಣ ಏನು ಹೇಳಿದ್ದ? ಇಲಿಯೇ ತಿನ್ನಬೇಕು ಎಂದಿದ್ದ. ಚೀಲದ ಬುಡದಲ್ಲಿ ಇದೋ ಒಂದು ಇಲಿ, ಬೂದು ಬಣ್ಣದ್ದು, ದಾನಿಯ ಇಚ್ಛೆಯನ್ನು ಅಕ್ಷರಶಃ ನೆರವೇರಿಸುತ್ತಿದೆ. ನಾನು ಎತ್ತಿದ ನಿಧಿಯಿಂದ ಅಷ್ಟು ದಿನಗಳಲ್ಲಿ ಪ್ರಯೋಜನ ಪಡೆದ ಪ್ರಪಂಚದ ಏಕೈಕ ಇಲಿ ಅದು. ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟೆ.

ಆಮೇಲೆ ಸಂಜೆ ಬಸ್ಸಿಳಿದು ಬರುವಾಗ ಒಳಗೆ ಯಾರೋ ಇದ್ದಾರೆ ಎನ್ನಿಸತೊಡಗಿತು. ಬೀಗ ತೆಗೆದರೆ ಮೂಲೆಯಲ್ಲಿ ಸರಕ್ ಎಂದು ಸದ್ದು. ಅಷ್ಟು ಸಾಕು. ಒಬ್ಬಂಟಿ ಇದ್ದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ವಿವರಿಸಿ ಪ್ರಯೋಜನವಿಲ್ಲ. ಮೊದಮೊದಲು ಅದರ ಮುಂದೆ ಭಾಷಣ ಅಭ್ಯಾಸ ಮಾಡಿದೆ. ಕವಣೆಯ ಭಾಗ ಬಂದಾಗ ಅದು ಜೋಳ ಕಡಿಯುವುದನ್ನು ನಿಲ್ಲಿಸುತ್ತಿತ್ತು. ಮೂರು ತಾಲೂಕುಗಳಲ್ಲಿ ಇಷ್ಟು ಗಮನ ನನಗೆ ಸಿಕ್ಕಿರಲಿಲ್ಲ. ಬರಬರುತ್ತ ಭಾಷಣ ಬಿಟ್ಟು ಆ ದಿನದ ಸುದ್ದಿ ಹೇಳತೊಡಗಿದೆ. ಒಂದು ಸಂಜೆ, ಎಲ್ಲಿಂದ ಬಂತೋ, ಅವ್ವನ ಸುದ್ದಿ ಬಂತು. ಅವಳು ಎದೆಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದ್ದು, ನಾನು ಗುಲಬರ್ಗಾದ ಹಾಸ್ಟೆಲಿನಿಂದ ಪರೀಕ್ಷೆ ಮುಗಿಸಿ ಬರಲಿ ಎಂದು ಕಾದದ್ದು, ಬಂದ ಮೇಲೂ ಮೊದಲು ಊಟಕ್ಕೆ ಹಾಕಿ ಆಮೇಲೆ ಹೇಳಿದ್ದು. ಇಷ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ. ಸತ್ತವರ ಮನೆಗೆ ಬಂದು ಕೂತು, ಏನಾಗಿತ್ತು, ಹೇಗಾಯಿತು ಎಂದು ಕೇಳುವುದನ್ನು ನಮ್ಮ ಕಡೆ ‘ಮಾತಾಡಿಸುವುದು’ ಎನ್ನುತ್ತಾರೆ. ಅವ್ವ ಹೋದಾಗ ಹಾಗೆ ಜನ ಬರತೊಡಗಿದ ಕೂಡಲೇ ನಾನು ಬಾಗಿಲಿಗೆ ಬೀಗ ಹಾಕಿ ಬಸ್ಸು ಹತ್ತಿದ್ದೆ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ಖೋಲಿಯ ಮತ್ತು ಮುಂದಿನ ಅಂಗಡಿಯ ಒಡತಿ ನೀಲಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

“ಖೋಲಿ ಕೊಡುವಾಗನ ಹೇಳಿದ್ನಿಲ್ಲೋ, ಹೆಣಮಕ್ಕಳನ್ನ ಕರಕೊಂಡು ಬರಬ್ಯಾಡ್ರಿ ಅಂತ?”

“ಯಾರೂ ಇಲ್ರಿ ನೀಲಮ್ಮಾರ.”

“ಯಾರೂ ಇಲ್ಲಂದ್ರ ದಿನಾ ಸಂಜಿಗಿ ಯಾರ ಜೋಡಿ ಮಾತಾಡ್ತೀರಿ? ನಡುವ ಒಂದು ಗ್ವಾಡಿ ಅದ, ನನಗ ಕಿವಿ ಇಲ್ಲೇನು?”

ಬಾಗಿಲ ಹಿಂದೆ ನೋಡಿದಳು. ಮಂಚದ ಕೆಳಗೆ ಬಗ್ಗಿ ನೋಡಿದಳು. ಟ್ರಂಕು ತೆರೆಸಿದಳು, ಅದರಲ್ಲಿ ಹೆಣ್ಣುಮಗಳು ಹಿಡಿಸುತ್ತಾಳೆ ಎಂದು ಅವಳಿಗೆ ಯಾಕೆ ಅನ್ನಿಸಿತೋ. ಒಳಗೆ ಎರಡು ಅಂಗಿ, ದಿನಚರಿ, ಅವ್ವನ ಒಂದು ಇಳಕಲ್ ಸೀರೆ ಇದ್ದವು. ಅವಳು ಸೀರೆಯನ್ನೇ ನೋಡುತ್ತಿರುವಾಗ ಚೀಲದ ಹಿಂದಿನಿಂದ ಇಲಿ ಹೊರಗೆ ಬಿದ್ದು ಬಚ್ಚಲ ಕಡೆ ಓಡಿತು.

“ಅದರ ಜೋಡಿ?” ಎಂದಳು ನೀಲಮ್ಮ.

“ಹೌದ್ರಿ.”

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಸೊಂಟದ ಸೆರಗು ಬಿಡಿಸಿ ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲ ಬಳಿ ಕೂತಳು. “ಇಲಿಗಿ ಹೇಳಾಕ ಬರ್ತದ, ಮಂದಿಗಿ ಹೇಳಾಕ ಬರಂಗಿಲ್ಲ. ಎಷ್ಟ ದಿನಾ ಮುಚ್ಚಿಟ್ಟಿದ್ಳಪ್ಪಾ ನಿಮ್ಮವ್ವ?”

“ಒಂದು ವರ್ಷರಿ.”

“ನಮ್ಮಕ್ಕ ಎರಡು ವರ್ಷಾ ಇಟ್ಟಿದ್ಳು” ಎಂದಳು. ಆಮೇಲೆ ನಾವು ಬಹಳ ಹೊತ್ತು ಮಾತಾಡಿದೆವು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಕೇಳಿದಳು, ನಾನು ಹೇಳಿದೆ. ಅಂಗಡಿಯಲ್ಲಿ ಗಿರಾಕಿ ಕೂಗಿದಾಗ, “ತಡೀಲೇ, ಮಾತಾಡ್ಸಾಕ ಬಂದೇನಿ” ಎಂದು ಕೂತಲ್ಲಿಂದಲೇ ಗದರಿದಳು.

ಮರುದಿನದಿಂದ ಓಣಿಯ ಹೆಂಗಸರು ಬರತೊಡಗಿದರು. ರೊಟ್ಟಿ ತಂದರು, ಪುಂಡಿಪಲ್ಯ ತಂದರು, ಒಬ್ಬೊಬ್ಬರೂ ಹೊಸ್ತಿಲ ಬಳಿ ಕೂತು ಅದದೇ ಪ್ರಶ್ನೆ ಕೇಳಿದರು. ಕೇಳಿದ ಮೇಲೆ ತಮ್ಮ ಮನೆಯಲ್ಲಿ ಮುಚ್ಚಿಟ್ಟವರ ಕಥೆ ಹೇಳಿದರು. ಸುದ್ದಿ ಬಸ್ಸು ಹತ್ತಿ ನನಗಿಂತ ಮುಂಚೆಯೇ ಊರೂರು ತಲುಪಿತು. ನಾನು ಆಳಂದಕ್ಕೆ ಹೋದಾಗ ಆ ತೊಗರಿ ವ್ಯಾಪಾರಿ ಗಾದಿಯಿಂದ ಎದ್ದೇ ಬಂದರು. “ನಮ್ಮ ಹುಡುಗನ ಮದಿವ್ಯಾಗ ರೊಟ್ಟಿ ಬಡ್ಯಾಕ ಬಂದಿದ್ಳಲ್ಲೋ ನಿಮ್ಮವ್ವ! ಮೊದಲ ಹೇಳಬಾರದೇನಲೇ ಹುಚ್ಚಾ?” ಸಾಹೇಬನಾಗಿದ್ದವನು ಹುಚ್ಚನಾದೆ; ಆ ಬಡ್ತಿ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಇಲಿಮನೆಗೆ ಕೊಟ್ಟರು, ಕೈಬಿಚ್ಚಿಯೇ ಕೊಟ್ಟರು. “ಆದ್ರ ಪಾಷಾಣಾ ಮಾತ್ರ ನಿಲ್ಸಂಗಿಲ್ಲ ನೋಡು” ಎಂದೂ ಸೇರಿಸಿದರು. ಕವಣೆ, ಕಾವಲುಗಾರ, ಅಂಗಿ ತೊಟ್ಟ ಕಳ್ಳ, ಇವರನ್ನು ಕರೆಯುವ ಪ್ರಸಂಗವೇ ಮುಂದೆ ಎಲ್ಲೂ ಬರಲಿಲ್ಲ. ಆರು ತಿಂಗಳು ಮುಗಿದಾಗ ಆಸ್ಪತ್ರೆಯವರು ನನ್ನನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ನನ್ನ ವಿವರಣೆಯ ಶೈಲಿ ಬಹಳ ಸುಧಾರಿಸಿದೆ ಎಂದು ಹೊಗಳಿದರು.

ಒಂದು ಸಂತೆಯ ದಿನ ನೆಲೋಗಿಯ ಬಸಣ್ಣ ತನ್ನ ದಾನದ ತನಿಖೆಗೆ ಬಂದ. ಚೀಲದ ಬುಡದಲ್ಲಿ ಹಲ್ಲು ಕಡಿದ ತೂತು, ಸುತ್ತ ಹಿಟ್ಟಿನಂಥ ಪುಡಿ. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವನು ತೂತಿಗೆ ಬೆರಳು ಹಾಕಿ ನೋಡಿ, “ಹಾಂ! ತಿಂದಾವ, ಖರೇನ ತಿಂದಾವ!” ಎಂದು ಮುಖ ಅರಳಿಸಿ ಹೋದ. ಆ ಮೂರು ತಾಲೂಕುಗಳಲ್ಲಿ ತಾನು ಕೊಟ್ಟದ್ದು ಎಲ್ಲಿ ಹೋಯಿತೆಂದು ಕಣ್ಣಾರೆ ಕಂಡ ದಾನಿ ಅವನೊಬ್ಬನೇ.

ಆದರೆ ಮಾತಾಡಿಸುವುದಕ್ಕೂ ಒಂದು ಲೆಕ್ಕ ಇರುತ್ತದೆ. ಬರಬೇಕಾದವರೆಲ್ಲ ಬಂದು ಹೋದರು. ಹೊಸ್ತಿಲು ಖಾಲಿಯಾಯಿತು. ಅಷ್ಟು ದಿನದ ಗದ್ದಲಕ್ಕೆ ಹೆದರಿಯೋ ಏನೋ, ಇಲಿಯೂ ಹೋಗಿತ್ತು. ಸಂಜೆ ಬೀಗ ತೆಗೆದರೆ ಸದ್ದಿಲ್ಲ. ಒಂದು ದಿನ ಚೀಲದಿಂದ ಒಂದು ಹಿಡಿ ಜೋಳ ತೆಗೆದು ಬಚ್ಚಲ ಬಿಲದ ಬಳಿ ಇಟ್ಟು ಕುಕ್ಕರಗಾಲಲ್ಲಿ ಕಾಯುತ್ತ ಕೂತೆ. ಚಹಾ ಹಿಡಿದುಕೊಂಡು ನೀಲಮ್ಮ ಬಂದಳು.

“ಏನ ಮಾಡಾಕತ್ತೀಯಪ್ಪಾ?”

“ದಾನಾ ಮಾಡಾಕತ್ತೇನ್ರಿ” ಎಂದೆ, ಸ್ವಲ್ಪ ಗತ್ತಿನಿಂದಲೇ. “ಇಲಿಗಿ ಕೊಡ್ರಿ ಅಂತ ಊರೆಲ್ಲಾ ಕೇಳಿದೆ. ನನ್ನ ಕೈಯಿಂದ ಇದ ಮೊದಲು.”

ನೀಲಮ್ಮ ಲೋಟ ಕೆಳಗಿಟ್ಟಳು. “ಅದು ನೆಲೋಗಿ ಬಸಣ್ಣನ ಜೋಳಲೇ. ನಿಂದೇನದ ಅದರಾಗ?”

ಅವಳು ಹೋದ ಮೇಲೆ ಚಹಾ ಕುಡಿದು ದಿನಚರಿ ತೆಗೆದೆ. ಕೊಡದವರ ಸಾಲಿನ ಕೊನೆಗೆ ನನ್ನ ಹೆಸರು ಬರೆದೆ. ಒಂದು ಗುಟುಕು ಇಲಿಗೆ ಕುಡಿಸಿದ್ದರೆ ಚಹಾ ಕುಡಿಸಿದವರ ಸಾಲಿಗಾದರೂ ಸೇರಬಹುದಿತ್ತು. ಅದಕ್ಕೆ ಇಲಿ ಬರಬೇಕಲ್ಲ.