ಕ್ಲಾರಿಯನ್ನು ಪ್ರೀತಿಸಿದ ಹೆಬ್ಬಾವು

ಬಂಡಬರ್ಗಿನ ಕ್ಲಾರಿ ಪೆಟಿಗ್ರೂನ ಮನೆಯ ಫ್ರೀಜರಿನಲ್ಲಿ ಎರಡು ಅರೆಗಳಿದ್ದವು. ಮೇಲಿನದರಲ್ಲಿ ಹೆಬ್ಬಾವಿಗೆಂದು ತಂದ ಸತ್ತ ಇಲಿಗಳು, ಕೆಳಗಿನದರಲ್ಲಿ ಕ್ಲಾರಿಗೆಂದು ತಂದ, ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈಗಳು. ಎರಡಕ್ಕೂ ಅಧಿದೇವತೆ ಒಬ್ಬಳೇ, ಹೆಂಡತಿ ಗ್ಲೆನಿಸ್. ಹೆಬ್ಬಾವಿಗೆ ತಿಂಗಳಿಗೊಂದು ಇಲಿ, ಗಂಡನಿಗೆ ವಾರಕ್ಕೊಂದು ಪೈ. ಡಾಕ್ಟರು ಕ್ಲಾರಿಯ ಸೊಂಟಕ್ಕೆ ಅಳತೆಪಟ್ಟಿ ಸುತ್ತಲು ಹೋಗಿ, ಪಟ್ಟಿ ಸಾಲದೆ ನಿಟ್ಟುಸಿರು ಬಿಟ್ಟ ದಿನದಿಂದ ಈ ರಾಜಶಾಸನ ಜಾರಿಯಲ್ಲಿತ್ತು. ಹೀಗಾಗಿ ಆ ಹೆಬ್ಬಾವಿನ ಮೇಲೆ ಕ್ಲಾರಿಗೆ ಒಂದೇ ಜೈಲಿನ ಕೈದಿಗಳ ನಡುವೆ ಹುಟ್ಟುವಂಥ ಮಮತೆ.

ಹೆಬ್ಬಾವಿನ ಹೆಸರು ಡೋರಿಸ್. ಅದು ಗ್ಲೆನಿಸಳ ಚಿಕ್ಕಮ್ಮನ ಹೆಸರು. (ಇಬ್ಬರೂ ಎವೆಯಿಕ್ಕದೆ ನೋಡುತ್ತಾರೆ, ಇಬ್ಬರಿಗೂ ಕ್ಲಾರಿ ಹೇಳಿದ್ದು ಕೇಳಿಸುವುದಿಲ್ಲ.)

ಕ್ಲಾರಿಯ ಬಾಳಿನಲ್ಲಿ ಉಳಿದಿದ್ದದ್ದು ಒಂದೇ ಆಸೆ. ಊರಿನ ಹಾವು ಸಾಕುವವರ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತಿತ್ತು. ಅಂದು ಗ್ಲೆನಿಸ್ ಡೋರಿಸಳನ್ನು ಹೆಗಲಿಗೇರಿಸಿ ಮಹಾರಾಣಿಯಂತೆ ನಿಲ್ಲುವಳು. ಹಾವನ್ನು ಮುಟ್ಟಲು ಮಕ್ಕಳು ಬಾಗಿಲಾಚೆಯವರೆಗೂ ಸಾಲುಗಟ್ಟುವರು. ಕ್ಲಾರಿಗೋ, ಹೊರಗೆ ಬಿಸಿಲಿನಲ್ಲಿ ಕಾವಲಿಯ ಮುಂದೆ ನಿಂತು ಸಾಸೇಜು ಮಗುಚುತ್ತ ಈರುಳ್ಳಿ ಹೊಗೆಗೆ ಕಣ್ಣೀರು ಸುರಿಸುವ ಕೆಲಸ. ಸಾಯುವ ಮುಂಚೆ ಒಮ್ಮೆಯಾದರೂ ಡೋರಿಸಳನ್ನು ಹೊರುವ ಆ ಹೆಗಲು ತನ್ನದಾಗಬೇಕು ಎಂದು ಅವನು ಹಂಬಲಿಸುತ್ತಿದ್ದ.

ಅದೃಷ್ಟ ಬಂದದ್ದು ಗ್ಲೆನಿಸಳ ಅಕ್ಕನ ಕಾಲು ಮುರಿಯುವ ರೂಪದಲ್ಲಿ. ಅಕ್ಕನನ್ನು ನೋಡಿಕೊಳ್ಳಲು ಗ್ಲೆನಿಸ್ ಮೂರು ತಿಂಗಳ ಮಟ್ಟಿಗೆ ಮಕಾಯ್‌ಗೆ ಹೊರಟಳು.

"ಪ್ರದರ್ಶನದ ದಿನ ಬೆಳಿಗ್ಗೆ ಬಸ್ಸಿಳಿದು ನೇರ ಅಲ್ಲಿಗೇ ಬರ್ತೀನಿ. ಡೋರಿಸ್‌ನ ನಾನು ಬಿಟ್ಟುಹೋದ ಹಾಗೇ ಇಟ್ಕೊಂಡಿದ್ರೆ ಈ ವರ್ಷದಿಂದ ಹೆಗಲು ನಿಂದು. ಇಲ್ದಿದ್ರೆ ಸಾಸೇಜು."

"ಆಗ್ಲಿ ಮಾರಾಯ್ತಿ."

"ಇಲೀನ ಬಿಸಿನೀರಲ್ಲಿಟ್ಟು ಕರಗಿಸು. ಮೈಕ್ರೋವೇವಲ್ಲಿ ಬೇಡ."

"ಯಾವತ್ತೋ ಒಂದ್ಸಲ ಇಟ್ಟಿದ್ದಕ್ಕೆ ಇನ್ನೂ ಆಡ್ಕೊಳ್ತೀಯಲ್ಲೇ!"

"ಅಡುಗೆಮನೆ ಸೂರಲ್ಲಿ ಕಲೆ ಇನ್ನೂ ಇದೆಯಲ್ಲ, ಅದಕ್ಕೆ. ಉದ್ದ ಇಕ್ಕಳದಲ್ಲೇ ಕೊಡು, ಕೈಯಲ್ಲಲ್ಲ. ಆಮೇಲೆ ಸೋಪು ಹಾಕಿ ಕೈ ತೊಳಿ. ತಿಂದ ಮೇಲೆ ಮೂರ್ನಾಲ್ಕು ದಿನ ಅವಳನ್ನ ಎತ್ತೋ ಹಾಗಿಲ್ಲ. ನೀರಿಡೋಕೆ ಅಂತ ಬಾಗಿಲು ತೆಗೆದ್ರೆ ಮೊದಲು ಈ ಹಾವೆತ್ತೋ ಕೊಕ್ಕೆ ಕೋಲಿಂದ ಮೆಲ್ಲಗೆ ಮೈ ತಟ್ಟು. ತಟ್ಟಿದ್ರೆ, ಇದು ಊಟ ಅಲ್ಲ ಅಂತ ಅವಳಿಗೆ ಅರ್ಥ ಆಗುತ್ತೆ."

"ಗೊತ್ತು ಗೊತ್ತು. ನಾನೇನು ಮಗುನಾ?"

"ಮಗು ಆಗಿದ್ರೆ ಇಷ್ಟೆಲ್ಲ ಹೇಳ್ತಿರಲಿಲ್ಲ. ಮಗು ಮಾತು ಕೇಳುತ್ತೆ."

ಮೊದಲ ತಿಂಗಳ ಇಲಿಯನ್ನು ಕ್ಲಾರಿ ಶಾಸ್ತ್ರೋಕ್ತವಾಗಿಯೇ ಅರ್ಪಿಸಿದ. ಅನಾಹುತವಾದದ್ದು ಮುಂದಿನ ವಾರ, ನೀರು ಬದಲಿಸಲು ಗಾಜಿನ ಪೆಟ್ಟಿಗೆಯ ಬಾಗಿಲು ತೆಗೆದಾಗ. ಕೊಕ್ಕೆ ಹುಡುಕಲು ಸೋಮಾರಿತನ. ತಟ್ಟದೆಯೇ ಕೈ ಚಾಚಿದ. ಡೋರಿಸ್ ತಲೆಯೆತ್ತಿದಳು. ನಾಲಿಗೆ ಸರಸರನೆ ಹೊರಳಿಸುತ್ತ, ಅವನನ್ನೇ ದಿಟ್ಟಿಸುತ್ತ, ಬಾಗಿಲ ತನಕ ತೇಲಿ ಬಂದಳು.

ಕ್ಲಾರಿ ಅಲ್ಲೇ ಕರಗಿ ನೀರಾದ. ಮದುವೆಯಾದಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ಅವನನ್ನು ಎದುರುಗೊಳ್ಳಲು ಬಾಗಿಲಿಗೆ ಬಂದ ಮೊದಲ ಜೀವ ಅದು!

ಇಂಥ ಪ್ರೀತಿಗೆ ಬರಿಗೈ ತೋರಿಸುವುದುಂಟೆ? ಒಂದು ಇಲಿ ಕರಗಿತು. ಮುಂದಿನ ಶನಿವಾರ ಮತ್ತೆ ಬಾಗಿಲು, ಮತ್ತೆ ಅದೇ ಸ್ವಾಗತ, ಮತ್ತೊಂದು ಇಲಿ. ಕೆಲವೇ ದಿನಗಳಲ್ಲಿ ಅದೊಂದು ವ್ರತವೇ ಆಗಿಹೋಯಿತು. ಟಿವಿಯಲ್ಲಿ ಫುಟ್ಬಾಲು, ತಟ್ಟೆಯಲ್ಲಿ ಎರಡು ಪೈ, ಇಕ್ಕಳದಲ್ಲಿ ಒಂದು ಇಲಿ. ಇಲಿ ಮುಟ್ಟಿದ ಕೈಯನ್ನು ಚಡ್ಡಿಗೆ ಒರೆಸಿ ಪೈ ಎತ್ತಿಕೊಳ್ಳುತ್ತಿದ್ದ. ಕೊಕ್ಕೆ ಮೂಲೆ ಸೇರಿತು. ಪ್ರೀತಿಸಿದವಳನ್ನು ಯಾರಾದರೂ ಕೋಲಿನಿಂದ ತಟ್ಟಿ ಮಾತಾಡಿಸುತ್ತಾರೆಯೇ?

"ಡೋರಿಸ್ ಹೇಗಿದ್ದಾಳೆ?" ಫೋನಿನಲ್ಲಿ ಗ್ಲೆನಿಸ್ ಕೇಳಿದಳು.

"ನನ್ನ ಕಂಡ್ರೆ ಪ್ರಾಣ ಬಿಡ್ತಾಳೆ ಕಣೇ. ನಾನು ಬಂದೆ ಅಂದ್ರೆ ಸಾಕು, ಎದ್ದು ಓಡಿ ಬರ್ತಾಳೆ."

"ಓಡಿ ಬರ್ತಾಳಾ?"

"ನಿನಗೆ ಯಾವತ್ತಾದ್ರೂ ಬಂದಿದ್ಳಾ?"

"ಇಲ್ಲ," ಎಂದು ಗ್ಲೆನಿಸ್ ಯಾವ ಭಾವವೂ ಇಲ್ಲದೆ ಹೇಳಿ ಫೋನಿಟ್ಟಳು. ಅದನ್ನು ಹೊಟ್ಟೆಕಿಚ್ಚೆಂದು ತಿಳಿದು ಕ್ಲಾರಿ ಆ ರಾತ್ರಿ ಮೂರನೆಯ ಪೈ ತಿಂದ.

ಪ್ರದರ್ಶನದ ಹಿಂದಿನ ಸಂಜೆ ಡೋರಿಸ್ ಖುಷಿಯಾಗಿರಲಿ ಎಂದು ಒಂದು ದಪ್ಪ ಇಲಿ ಕೊಟ್ಟ. ಬೆಳಿಗ್ಗೆ ಅವಳನ್ನು ಹೆಗಲಿಗೇರಿಸುವಾಗ ಮಂಡಿ ಲಟಲಟ ಎಂದಿತು. ಮಹತ್ವಾಕಾಂಕ್ಷೆ ಯಾವಾಗಲೂ ಭಾರವೇ ಎಂದು ಸಮಾಧಾನ ಮಾಡಿಕೊಂಡ.

ಸಂಘದ ಸಭಾಭವನ ತುಂಬಿ ತುಳುಕುತ್ತಿತ್ತು. ಇಸ್ತ್ರಿ ಮಾಡಿದ ಹೊಸ ಅಂಗಿ, ಕೊರಳಲ್ಲಿ ಡೋರಿಸ್! ಕ್ಲಾರಿ ನಾಗಾಭರಣ ಧರಿಸಿದ ಕೈಲಾಸವಾಸಿಯ ಠೀವಿಯಿಂದ ನಿಂತ. ಮಕ್ಕಳ ಸಾಲು ಬಾಗಿಲಾಚೆಗೂ ಬೆಳೆಯಿತು. ಕಿಟಕಿಯಿಂದ ಈರುಳ್ಳಿ ಹೊಗೆ ತೇಲಿ ಬಂದಾಗ, ಆ ವರ್ಷ ಕಾವಲಿಯ ಮುಂದೆ ಸಿಕ್ಕಿಬಿದ್ದಿದ್ದ ಬಡಪಾಯಿಯತ್ತ ಉದಾರವಾಗಿ ಕೈಬೀಸಿದ.

"ಬಾ ಪುಟ್ಟಿ, ಮುಟ್ಟು. ಏನೂ ಮಾಡಲ್ಲ. ಇವಳಿಗೆ ನಾನಂದ್ರೆ..."

ವಾಕ್ಯ ಮುಗಿಯಲಿಲ್ಲ. ಡೋರಿಸಳ ಮೈಯಲ್ಲಿ ಒಂದು ಅಲೆ ಎದ್ದಿತು. ಬಾಯಿ ನಿಧಾನವಾಗಿ ಅಗಲವಾಯಿತು. ಮರುಕ್ಷಣ ನಿನ್ನೆಯ ದಪ್ಪ ಇಲಿ, ಅರ್ಧ ಜೀರ್ಣವಾದ ಸ್ಥಿತಿಯಲ್ಲಿ, ಕ್ಲಾರಿಯ ಹೊಸ ಅಂಗಿಯ ಮುಂಭಾಗಕ್ಕೆ ಸಕಲ ದ್ರವಸಮೇತ ಅಭಿಷೇಕವಾಯಿತು.

"ಅಮ್ಮಾ, ಹಾವು ಕಕ್ಕಿತು! ಇನ್ನೊಂದ್ಸಲ!" ಎಂದು ಪುಟ್ಟಿ ಚಪ್ಪಾಳೆ ತಟ್ಟಿದಳು.

ಸಂಘದ ಪ್ರಾಣಿವೈದ್ಯೆ ಟಮ್ಸಿನ್ ಓಡಿ ಬಂದು ಡೋರಿಸಳನ್ನು ಮೇಜಿನ ಮೇಲೆ ಮಲಗಿಸಿ, ಮೈ ತಡವಿ ನೋಡಿದಳು.

"ನಿನ್ನೆ ಊಟ ಹಾಕಿ ಇವತ್ತು ಎತ್ಕೊಂಡ್ರಾ ಕ್ಲಾರಿ? ಹೊಟ್ಟೆ ತುಂಬಿದ ಹೆಬ್ಬಾವನ್ನ ಅಲ್ಲಾಡಿಸಿದ್ರೆ ಇನ್ನೇನಾಗುತ್ತೆ? ಇಲ್ನೋಡಿ, ಬಾಲದ ಹತ್ರ ಕೊಬ್ಬಿನ ಮಡಿಕೆ. ಚಿಪ್ಪು ಚಿಪ್ಪಿನ ನಡುವೆ ಚರ್ಮ ಕಾಣ್ತಿದೆ. ಹೀಗೇ ಇನ್ನೊಂದು ವರ್ಷ ನಡೆದ್ರೆ ಲಿವರು ಕೆಟ್ಟು ಸತ್ತೇ ಹೋಗ್ತಾಳೆ. ಎಷ್ಟು ದಿನಕ್ಕೊಂದು ಇಲಿ ಕೊಡ್ತಿದ್ರಿ?"

ಸತ್ತೇ ಹೋಗ್ತಾಳೆ ಎಂಬ ಮಾತಿಗೆ ಕ್ಲಾರಿಯ ಮುಖದ ಬಣ್ಣ ಅಂಗಿಯ ಮೇಲಿನ ಕಲೆಯ ಬಣ್ಣಕ್ಕೆ ಇಳಿಯಿತು. "ವಾರಕ್ಕೊಂದು," ಎಂದ. "ಅವಳೇ ಕೇಳ್ತಿದ್ಲು. ಬಾಗಿಲು ತೆಗೆದ ತಕ್ಷಣ ನನ್ನ ಹತ್ರ ಬರ್ತಿದ್ಲು. ಪ್ರೀತಿಗೆ..."

"ಕೊಕ್ಕೆಯಿಂದ ತಟ್ಟಿದ್ರಾ?"

"ಇಲ್ಲ."

"ಇಲಿ ಮುಟ್ಟಿದ ಕೈ ತೊಳೀತಿದ್ರಾ?"

"ಚಡ್ಡಿಗೆ..."

"ಹಾಗಾದ್ರೆ ಅದು ಪ್ರೀತಿ ಅಲ್ಲ ಕ್ಲಾರಿ. ಬಾಗಿಲು ತೆಗೆದ್ರೆ ಊಟ ಅಂತ ನೀವೇ ಕಲಿಸಿದ್ದೀರಿ. ಮೇಲೆ ಮೈಯೆಲ್ಲ ಇಲಿ ವಾಸನೆ. ನಿಮ್ಮನ್ನ ದೊಡ್ಡ ಇಲಿ ಅಂತಾನೇ ತಿಳ್ಕೊಂಡಿದ್ದಾಳೆ. ಯಾವ ಕಡೆಯಿಂದ ಶುರು ಮಾಡೋದು ಅಂತ ಅಳತೆ ನೋಡ್ತಿದ್ಲು, ಅಷ್ಟೇ."

ಸಭಾಭವನವೇ ಬಿದ್ದು ಬಿದ್ದು ನಕ್ಕಿತು. ನಗುವಿನ ಹಿಂದಿನಿಂದ ಪರಿಚಿತ ಕಂಠವೊಂದು ಕೇಳಿಸಿತು.

"ಸೊಂಟದಿಂದಂತೂ ಆಗ್ತಿರಲಿಲ್ಲ ಬಿಡಿ."

ಬಾಗಿಲಲ್ಲಿ ಗ್ಲೆನಿಸ್ ಚೀಲ ಹಿಡಿದು ನಿಂತಿದ್ದಳು. ಮೊದಲು ಡೋರಿಸಳನ್ನು ನೋಡಿದಳು, ಆಮೇಲೆ ಕ್ಲಾರಿಯ ಅಂಗಿಯನ್ನು, ಆಮೇಲೆ ಅಂಗಿಯೊಳಗಿನ ಹೊಟ್ಟೆಯನ್ನು. ಬೈಯಲಿಲ್ಲ. ಕಿಟಕಿಯಾಚೆಯ ಕಾವಲಿಯತ್ತ ಬೆರಳು ತೋರಿಸಿದಳು.

ಡೋರಿಸಳಿಗೆ ಕೆಲವು ವಾರ ಪೂರ್ತಿ ಉಪವಾಸ, ಆಮೇಲೆ ಸಣ್ಣ ಇಲಿ, ಅದೂ ಬಹಳ ಅಪರೂಪಕ್ಕೆ. ಬಾಗಿಲು ತೆಗೆದಾಗಲೆಲ್ಲ ಮೊದಲು ಕೊಕ್ಕೆಯ ತಟ್ಟು. ನಿಧಾನವಾಗಿ ಅವಳಿಗೆ ಬುದ್ಧಿ ಬಂತು. ತಟ್ಟಿದೊಡನೆ ತಲೆ ತಗ್ಗಿಸಿ ಸುರುಳಿ ಸುತ್ತಿಕೊಳ್ಳುತ್ತಿದ್ದಳು. ಸೋಪು ಹಾಕಿ ಕೈ ತೊಳೆದು ಬಂದ ಕ್ಲಾರಿಯತ್ತ ಅವಳು ತಿರುಗಿಯೂ ನೋಡಲಿಲ್ಲ. ಬದುಕಿಕೊಂಡಳಲ್ಲ ಎಂದು ಅವನು ದೊಡ್ಡ ಮನಸ್ಸು ಮಾಡಿದ.

ಒಂದು ಸಂಜೆ ಗ್ಲೆನಿಸ್ ಡೋರಿಸಳ ತೂಕ ನೋಡಿ, ಕಂಕುಳಲ್ಲಿ ಕೊಕ್ಕೆ ಸಿಕ್ಕಿಸಿಕೊಂಡೇ ಅಡುಗೆಮನೆಗೆ ಹೋಗಿ ಫ್ರೀಜರಿನ ಬಾಗಿಲು ತೆಗೆದಳು. ಕಿರ್ ಎಂದ ಸದ್ದಿಗೆ ಕ್ಲಾರಿ ಸೋಫಾದಿಂದ ತಲೆಯೆತ್ತಿದ. ಕಣ್ಣು ಮಿಟುಕಿಸದೆ, ನಾಲಿಗೆಯಿಂದ ತುಟಿ ಸವರುತ್ತ, ತೇಲಿಕೊಂಡು ಬಂದು ಹೆಂಡತಿಯ ಬೆನ್ನಿಗೆ ನಿಂತ.

"ಗ್ಲೆನಿಸ್, ಇವತ್ತು ನೀನು ತುಂಬಾ ಚೆನ್ನಾಗಿ ಕಾಣ್ತಿದ್ದೀಯ ಕಣೇ."

ಗ್ಲೆನಿಸ್ ತನ್ನ ಕೈಯಲ್ಲಿದ್ದ ಪೈಯನ್ನು ನೋಡಿದಳು. ಗಂಡನನ್ನು ನೋಡಿದಳು. ಕಂಕುಳಿನಿಂದ ಕೊಕ್ಕೆ ತೆಗೆದು ಅವನ ಭುಜದ ಮೇಲೆ ಮೆಲ್ಲಗೆ, ಬಹಳ ಅಕ್ಕರೆಯಿಂದ, ಒಮ್ಮೆ ತಟ್ಟಿದಳು.

ಕ್ಲಾರಿ ಕತ್ತು ಹಿಂದಕ್ಕೆಳೆದುಕೊಂಡು, ಸೋಫಾಕ್ಕೆ ಮರಳಿ, ಸುರುಳಿ ಸುತ್ತಿಕೊಂಡು ಮಲಗಿದ.