ಬಾಗಿಲಲ್ಲಿ ಮೂವತ್ತು ಎಣಿಕೆ

ನಾನು ಐದಕ್ಕೆ ಏಳುವವನು. ಐದೂಕಾಲಿಗೆ ಸ್ನಾನ, ಆರಕ್ಕೆ ಕಾಫಿ. ಯಾರಾದರೂ ಅರ್ಧ ನಿಮಿಷ ವ್ಯರ್ಥ ಮಾಡಿದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಇಂಥ ಶಿಸ್ತಿನ ಮನುಷ್ಯ ಹೆಗ್ಗದ್ದೆ ಬಳಿಯ ಕಾಫಿ ಎಸ್ಟೇಟಿಗೆ ರೈಟರ್ ಆಗಿ, ಅಂದರೆ ಆಳುಗಳ ಕೆಲಸ ನೋಡಿ ಪುಸ್ತಕದಲ್ಲಿ ಬರೆಯುವವನಾಗಿ ಸಿಕ್ಕಿದ್ದು ಎಸ್ಟೇಟಿನ ಪುಣ್ಯವೆಂದೇ ತೊಂಬತ್ತರ ದಶಕದುದ್ದಕ್ಕೂ ನಂಬಿದ್ದೆ.

ಒಂದು ಫೆಬ್ರವರಿ. ಸಿಮೆಂಟಿನ ಕಣದಲ್ಲಿ ಕಣ್ಣು ಕುಕ್ಕುವ ಬಿಸಿಲು. ಒಣಗಿದ ಕಾಫಿಯನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಸ್ಟೋರಿಗೆ ಸಾಗಿಸುತ್ತಿದ್ದರು. ಸ್ಟೋರಿಗೆ ಕಿಟಕಿಯಿಲ್ಲ, ಒಳಗೆ ಹಾಡುಹಗಲೇ ಕತ್ತಲೆ. ಪ್ರತಿಯೊಬ್ಬಳೂ ಬಾಗಿಲು ದಾಟಿದೊಡನೆ ಕಂಬದಂತೆ ನಿಂತುಬಿಡುವಳು!

"ಏನಮ್ಮ ಲಕ್ಕಮ್ಮ, ಯಾರ ದಾರಿ ಕಾಯ್ತಿದೀಯ?"

"ಬಿಸ್ಲಿಂದ ಬಂದಿವ್ನಿ ರೈಟ್ರೇ. ಮೂವತ್ತು ಎಣಿಸೋಗಂಟ ಏನೂ ಕಾಣಕಿಲ್ಲ. ಕಣ್ಣು ಹೊಂದ್ಕಬೇಕಲ್ಲ."

"ಹೊಂದ್ಕೊಳ್ಳೋಕೆ ನಿನ್ ಕಣ್ಣೇನು ಹೊಸ ಸೊಸೇನಾ?"

ಉಳಿದವರು ನಕ್ಕರು. ಆ ಖುಷಿಯಲ್ಲೇ ಆಜ್ಞೆ ಹೊರಡಿಸಿದೆ: ಸ್ಟೋರಿನ ಬಾಗಿಲಲ್ಲಿ ನಿಲ್ಲುವುದನ್ನು ಇಂದಿನಿಂದ ನಿಷೇಧಿಸಲಾಗಿದೆ.

ಬಿಸಿಲಲ್ಲಿ ಕಣ್ಣಿನ ಪಾಪೆ ಕುಗ್ಗುತ್ತದೆ, ಕತ್ತಲೆಯಲ್ಲಿ ಹಿಗ್ಗುತ್ತದೆ, ಕತ್ತಲೆಗೆ ಕಣ್ಣು ಪಳಗಲು ಸಮಯ ಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಎಸ್ಸೆಸ್ಸೆಲ್ಸಿಯಲ್ಲಿ ಕಣ್ಣಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ಪಡೆದವನು ನಾನು! ಆದರೆ ಅಂಥದೇ ಕಣ್ಣು ಲಕ್ಕಮ್ಮನಿಗೂ ಇರುತ್ತದೆಂದು ಪಠ್ಯಪುಸ್ತಕದಲ್ಲಿ ಬರೆದಿರಲಿಲ್ಲ.

ಮೂರನೆಯ ಬುಟ್ಟಿಗೆ ಲಕ್ಕಮ್ಮ ನಿಲ್ಲದೆ ಒಳಗೆ ನಡೆದಳು. ತೂಕದ ಯಂತ್ರಕ್ಕೆ ಎಡವಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ನಾನು ಮೊದಲು ಚೆಲ್ಲಿದ ಕಾಫಿ ಬಾಚಿಸಿದೆ. ಆಮೇಲೆ ಪುಸ್ತಕದಲ್ಲಿ ದುಂಡಗೆ ಬರೆದೆ: "ಅಜಾಗರೂಕತೆಯಿಂದ ಬಿದ್ದಿರುತ್ತಾಳೆ."

ಮೂರು ದಿನದ ಮೇಲೆ ಎಸ್ಟೇಟಿನ ಮಾಲೀಕರಾದ ಸಾವ್ಕಾರರು ಬಂದರು. ಕೈಗೆ ಪಟ್ಟಿ ಕಟ್ಟಿಕೊಂಡು ಲಕ್ಕಮ್ಮನೂ ಬಂದಿದ್ದಳು, ಕೈ ಕೂಡಿದ ಮೇಲೆ ಸ್ಟೋರಿನ ಕೆಲಸ ಉಳಿದೀತೇ ಎಂದು ಕೇಳಲು. ಅವಳನ್ನು ಕಣದಂಚಿನಲ್ಲೇ ನಿಲ್ಲಿಸಿ, ಹೊಸ ಶಿಸ್ತು ತೋರಿಸುವ ಉತ್ಸಾಹದಲ್ಲಿ ನಾನು ಮುಂದೆ ನಡೆದೆ.

"ಬನ್ನಿ ಸಾರ್, ಈಗ ಇಲ್ಲಿ ಯಾರೂ ನಿಲ್ಲೋ ಹಾಗೇ ಇಲ್ಲ!"

ಸಾವ್ಕಾರರು ಬಾಗಿಲಲ್ಲೇ ನಿಂತರು. "ತಡೀರಿ ರೈಟ್ರೇ, ಕಣ್ಣು ಹೊಂದ್ಕೊಳ್ಲಿ."

ಅಷ್ಟರಲ್ಲಿ ನಾನು ತೂಕದ ಯಂತ್ರದ ಮೇಲೆ ಮಲಗಿದ್ದೆ. ಮುಳ್ಳು ಅರವತ್ತೆರಡು ಕಿಲೋ ತೋರಿಸುತ್ತಿತ್ತಂತೆ. ಎರಡು ಹಲ್ಲು ಕಳೆದು!

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಲಕ್ಕಮ್ಮ ಬಾಗಿಲಿಗೆ ಬಂದು, ನಿಂತು, ಎಣಿಸಿ, ಆಮೇಲೆ ಒಳಗೆ ಬಂದು ಎಡಗೈ ಕೊಟ್ಟು ನನ್ನನ್ನು ಎಬ್ಬಿಸಿದಳು.

"ಎಲ್ಲಿ ಬಿದ್ದಿದೀರ ಅಂತ ಕಾಣ್ಬೇಕಲ್ಲ ರೈಟ್ರೇ, ಅದ್ಕೇ ವಸಿ ತಡ ಆಯ್ತು."

ಸಂಜೆ ಪುಸ್ತಕದಲ್ಲಿ ನನ್ನದನ್ನೂ ಬರೆದೆ: "ಸ್ಟೋರಿನಲ್ಲಿ ಬೆಳಕಿನ ಕೊರತೆಯಿಂದ ಅಪಘಾತ." ಮೇಲಿದ್ದ ಲಕ್ಕಮ್ಮನ ಸಾಲನ್ನು ತಿದ್ದಲಿಲ್ಲ. ಪುಸ್ತಕದಲ್ಲಿ ಚಿತ್ತು ಮಾಡುವುದು ನನ್ನ ಶಿಸ್ತಿಗೆ ವಿರುದ್ಧ! ಸಾವ್ಕಾರರು ಎರಡೂ ಸಾಲು ಓದಿದರು. ಸ್ಟೋರಿಗೆ ಬಲ್ಬು ಬಂತು. ಲಕ್ಕಮ್ಮನ ಕೆಲಸ ಹೋಯಿತು. ನಾನು ಬಾಯಿ ಬಿಡಲಿಲ್ಲ.

ಈಗ ಆಲೂರಿನಲ್ಲಿ ನಿವೃತ್ತ ಜೀವನ. ಬಿಸಿಲಿನಿಂದ ಮನೆಗೆ ಬಂದಾಗ ಬಾಗಿಲಲ್ಲಿ ನಿಂತು ಮೂವತ್ತು ಎಣಿಸುತ್ತೇನೆ. ಹತ್ತಕ್ಕೆ ಗೋಡೆ ಕಾಣುತ್ತದೆ, ಇಪ್ಪತ್ತಕ್ಕೆ ಕುರ್ಚಿ. ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ:

"ಅದೇನ್ರೀ ದಿನಾ ಬಾಗ್ಲಲ್ಲಿ ನಿಂತ್ಕೊಳ್ಳೋದು? ಯಾರ ದಾರಿ ಕಾಯ್ತಿದೀರ?"

ಉತ್ತರ ಹೇಳಲೆಂದು ಬಾಯಿ ತೆರೆಯುತ್ತೇನೆ. ಹೋದ ಎರಡು ಹಲ್ಲಿನ ಸಂದಿಯಿಂದ ಬರೀ ಗಾಳಿ ಬರುತ್ತದೆ.